ಬೈಕ್ ಚಾರ್ಜ್ ಆಗ್ತಿಲ್ವಾ? ಬ್ಯಾಟರಿಗಿಂತ ಮೊದಲು ಗೋಡೆಯ ಸಾಕೆಟ್ ನೋಡಿ

ಹೊಸ ಎಲೆಕ್ಟ್ರಿಕ್ ಬೈಕ್ ತಂದ ಮನೆಯಿಂದ ಫೋನ್ ಬಂತೆಂದರೆ ಮಾತು ಸಾಮಾನ್ಯವಾಗಿ ಒಂದೇ: "ಬ್ಯಾಟರಿ ಹೋಯ್ತಾ ಅಂತ ಒಂಚೂರು ಬಂದು ನೋಡಿ ಮಾರಾಯ್ರೆ." ನಾನು ತೀರ್ಥಹಳ್ಳಿ, ಹೊಸನಗರ ಕಡೆ ಮನೆ ವೈರಿಂಗ್ ಮಾಡುವವನು. ಬೈಕ್ ರಿಪೇರಿ ನನ್ನ ಕಸುಬಲ್ಲ. ಆದರೂ ಜನ ನನ್ನನ್ನು ಕರೆಯುತ್ತಾರೆ, ಕರೆಯುವುದು ಸರಿಯೂ ಹೌದು. ನಮ್ಮ ಕಡೆ ಹೊಸ ಬೈಕ್ ಚಾರ್ಜ್ ಆಗದೆ ನಿಂತರೆ ದೋಷ ಬ್ಯಾಟರಿಯಲ್ಲಿ ಇರುವುದು ಕಡಿಮೆ. ಮೀಟರ್ ಬೋರ್ಡಿನಿಂದ ಬೈಕಿನ ಚಾರ್ಜಿಂಗ್ ಪೋರ್ಟ್‌ವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಅದು ಕೂತಿರುತ್ತದೆ.

ಹಾಗಾಗಿ ಹುಡುಕುವ ಕೆಲಸವನ್ನು ಗೋಡೆಯಿಂದ ಶುರು ಮಾಡಿ. ಮೊದಲು ಸಾಕೆಟ್, ಆಮೇಲೆ ಪ್ಲಗ್ ಟಾಪ್, ಆಮೇಲೆ ಚಾರ್ಜರ್, ಕೇಬಲ್, ಪೋರ್ಟ್. ಬ್ಯಾಟರಿ ಕೊನೆಗೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡಿ. ಸಾಕೆಟ್ಟೂ ಬದಲಾಯಿಸಿ, ಚಾರ್ಜರ್ರೂ ಬದಲಾಯಿಸಿದರೆ ಸರಿ ಹೋದದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಮುಂದಿನ ವಾರ ಅದೇ ತೊಂದರೆ ಬಂದಾಗ ಮತ್ತೆ ಮೊದಲಿಂದ ಹುಡುಕಬೇಕು.

ಶುರು ಮಾಡುವ ಮುಂಚೆ ಒಂದು ಗಡಿ ಹಾಕಿಕೊಳ್ಳೋಣ. ಬ್ಯಾಟರಿ ಪೆಟ್ಟಿಗೆ ಮತ್ತು ಚಾರ್ಜರ್ ಎರಡನ್ನೂ ಮನೆಯಲ್ಲಿ ಬಿಚ್ಚಬಾರದು. ಸೀಲ್ ಕಿತ್ತರೆ ವಾರಂಟಿ ಹೋಗುತ್ತದೆ, ಅದು ಸಣ್ಣ ವಿಷಯ. ಲಿಥಿಯಂ ಸೆಲ್‌ಗಳ ನಡುವೆ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ಸ್ವಿಚ್ ಆಫ್ ಮಾಡಿ ನಿಲ್ಲಿಸಲು ಆಗುವುದಿಲ್ಲ, ಅದು ದೊಡ್ಡ ವಿಷಯ. ಸಾಕೆಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ಅಭ್ಯಾಸ ಇಲ್ಲದವರು ಆ ಭಾಗಕ್ಕೆ ಎಲೆಕ್ಟ್ರಿಷಿಯನ್ ಕರೆಸಿ. ಉಳಿದದ್ದನ್ನು ಯಾರು ಬೇಕಾದರೂ ನೋಡಬಹುದು.

ಸಾಕೆಟ್‌ನಲ್ಲಿ ಎಷ್ಟು ವೋಲ್ಟ್ ಇದೆ?

ಟೆಸ್ಟರ್ ಸ್ಕ್ರೂಡ್ರೈವರ್ ಇಟ್ಟು "ಕರೆಂಟ್ ಬರ್ತಾ ಇದೆ" ಅನ್ನುವವರು ಜಾಸ್ತಿ. ಟೆಸ್ಟರ್ 140 ವೋಲ್ಟ್ ಇದ್ದರೂ ಹತ್ತುತ್ತದೆ, 240 ಇದ್ದರೂ ಹತ್ತುತ್ತದೆ. ನಮಗೆ ಬೇಕಾದ್ದು ಎಷ್ಟು ಎಂಬ ಲೆಕ್ಕ. ಅದಕ್ಕೆ ಮಲ್ಟಿಮೀಟರ್ರೇ ಬೇಕು.

ಮನೆಗೆ 230 ವೋಲ್ಟ್ ಬರಬೇಕು. ಮಲೆನಾಡಿನಲ್ಲಿ ಟ್ರಾನ್ಸ್‌ಫಾರ್ಮರ್ ಒಂದು ಕಡೆ, ಮನೆ ಇನ್ನೊಂದು ಗುಡ್ಡದ ಆಚೆ. ಲೈನಿನ ಕೊನೆಯ ಮನೆಗಳಿಗೆ ಸಂಜೆ ಹೊತ್ತು 180, 170ಕ್ಕೆ ಇಳಿಯುವುದು ಉಂಟು. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್‌ಗಳು, ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಯಂತ್ರಗಳು ಒಟ್ಟಿಗೆ ಓಡುವಾಗ ಇನ್ನೂ ಇಳಿಯುತ್ತದೆ. ಚಾರ್ಜರ್ ಮೇಲೆ ಅಂಟಿಸಿದ ಚೀಟಿಯಲ್ಲಿ ಇಷ್ಟು ವೋಲ್ಟ್‌ನಿಂದ ಇಷ್ಟು ವೋಲ್ಟ್‌ವರೆಗೆ ಎಂದು ಬರೆದಿರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಚಾರ್ಜರ್ ತನ್ನಷ್ಟಕ್ಕೆ ನಿಂತುಬಿಡುತ್ತದೆ. ಅದು ಚಾರ್ಜರ್ ಕೆಟ್ಟಿದ್ದಲ್ಲ, ಚಾರ್ಜರ್ ಸರಿ ಇರುವುದರ ಗುರುತು.

ಕಡಿಮೆ ವೋಲ್ಟೇಜಿಗೆ ಇನ್ನೊಂದು ಮುಖ ಇದೆ, ಇದನ್ನು ಜನ ಗಮನಿಸುವುದಿಲ್ಲ. ಹಳೇ ಬಲ್ಬ್ ಆದರೆ ವೋಲ್ಟೇಜ್ ಇಳಿದಾಗ ಮಂಕಾಗುತ್ತದೆ, ಅಷ್ಟೇ. ಈಗಿನ ಚಾರ್ಜರ್ ಹಾಗಲ್ಲ. ಬ್ಯಾಟರಿಗೆ ಕೊಡಬೇಕಾದಷ್ಟನ್ನು ಕೊಡಲೇಬೇಕು ಎಂದು ವೋಲ್ಟೇಜ್ ಇಳಿದಷ್ಟೂ ಜಾಸ್ತಿ ಕರೆಂಟ್ ಎಳೆಯುತ್ತದೆ. 1000 ವ್ಯಾಟ್ ಚಾರ್ಜರ್ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆದರೆ, 180 ವೋಲ್ಟ್‌ನಲ್ಲಿ 5.6 ಆಂಪಿಯರ್ ಎಳೆಯುತ್ತದೆ. ವೈರಿನ ಜಾಯಿಂಟ್‌ನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ಏರುತ್ತದೆ. ಅಂದರೆ ಅದೇ ಜಾಯಿಂಟ್ ಒಂದೂವರೆ ಪಟ್ಟಿಗೂ ಜಾಸ್ತಿ ಕಾಯುತ್ತದೆ. ಅದೂ ಐದಾರು ಗಂಟೆ, ಬಿಡುವಿಲ್ಲದೆ. ಮಿಕ್ಸಿ ಎರಡು ನಿಮಿಷ ಓಡುತ್ತದೆ, ಇಸ್ತ್ರಿ ಪೆಟ್ಟಿಗೆ ಆಗಾಗ ಆಫ್ ಆಗುತ್ತದೆ. ಮನೆಯ ಹಳೇ ವೈರಿಂಗಿಗೆ ಬೈಕಿನಷ್ಟು ದೀರ್ಘ ಪರೀಕ್ಷೆಯನ್ನು ಬೇರೆ ಯಾವ ಸಾಮಾನೂ ಕೊಟ್ಟಿರುವುದಿಲ್ಲ.

ಆದ್ದರಿಂದ ಎರಡು ಸಲ ಅಳೆಯಿರಿ. ಚಾರ್ಜರ್ ಹಾಕುವ ಮುಂಚೆ ಒಂದು ಸಲ. ಚಾರ್ಜ್ ಶುರುವಾಗಿ ಐದು ನಿಮಿಷ ಆದಮೇಲೆ, ಅದೇ ಸ್ವಿಚ್ ಬೋರ್ಡಿನ ಪಕ್ಕದ ಸಾಕೆಟ್‌ನಲ್ಲಿ ಇನ್ನೊಂದು ಸಲ. ಮೊದಲ ಅಳತೆಯೇ 180 ಬಂದರೆ ತೊಂದರೆ ಹೊರಗಿನ ಲೈನಿನದ್ದು. ಮೊದಲು 225 ಇದ್ದು ಚಾರ್ಜ್ ಶುರುವಾದ ಕೂಡಲೇ 205ಕ್ಕೆ ಬಿದ್ದರೆ ದಾರಿಯಲ್ಲಿ ಎಲ್ಲೋ ಜಾಯಿಂಟ್ ಸಡಿಲ ಇದೆ. "ವೈರ್ ಉದ್ದ ಅಲ್ವಾ, ಅದಕ್ಕೇ ಇಳೀತದೆ" ಎಂದು ಸಮಾಧಾನ ಮಾಡಿಕೊಳ್ಳಬೇಡಿ. 1.5 ಚದರ ಮಿಲಿಮೀಟರ್ ತಾಮ್ರದ ವೈರ್ 30 ಮೀಟರ್ ದೂರ ಹೋಗಿ ಬಂದರೂ ಈ ಕರೆಂಟಿಗೆ ಇಳಿಯುವುದು ಸುಮಾರು 3 ವೋಲ್ಟ್. 20 ವೋಲ್ಟ್ ತಿನ್ನುವುದು ವೈರಲ್ಲ, ಜಾಯಿಂಟ್.

ಇದೇ ಎರಡು ಅಳತೆಯನ್ನು ಮೀಟರ್ ಬೋರ್ಡಿನ ಹತ್ತಿರವೂ ಮಾಡಿಸಿ. ಅಲ್ಲೂ 20 ವೋಲ್ಟ್ ಬೀಳುತ್ತಿದ್ದರೆ ಸರ್ವಿಸ್ ವೈರ್ ಅಥವಾ ಕಂಬದ ಮೇಲಿನ ಕನೆಕ್ಷನ್ ನೋಡಬೇಕು, ಅದು ಲೈನ್‌ಮನ್ ಕೆಲಸ. ಬೋರ್ಡಿನಲ್ಲಿ ಸರಿ ಇದ್ದು ಬೈಕ್ ನಿಲ್ಲಿಸುವ ಕಡೆ ಬಿದ್ದರೆ ದೋಷ ಅವೆರಡರ ನಡುವೆ.

ಮೇಗರವಳ್ಳಿ ಹತ್ತಿರದ ಒಂದು ಮನೆಯಲ್ಲಿ ಹೀಗೇ ಆಗಿತ್ತು. ರಾತ್ರಿ ಚಾರ್ಜಿಗೆ ಹಾಕಿದರೆ ಬೆಳಗ್ಗೆ ಅರವತ್ತು ಪರ್ಸೆಂಟ್‌ನಲ್ಲಿ ನಿಂತಿರುತ್ತಿತ್ತು. "ಬ್ಯಾಟರಿ ಬಿಚ್ಚಿ ಕಳ್ಸಿ ಅಂದಿದ್ದಾರೆ. ಹದಿನೈದು ದಿನ ಬೈಕ್ ಇಲ್ದೆ ಎಂತ ಮಾಡೋದು ಮಾರಾಯ" ಎಂದು ಮನೆಯ ಯಜಮಾನರು ಬೇಸರದಲ್ಲಿದ್ದರು. "ಕಳ್ಸೋದು ಆಮೇಲೆ ಗೌಡ್ರೆ, ಮೊದ್ಲು ಕೊಟ್ಟಿಗೆ ಲೈನ್ ನೋಡಣ" ಅಂದೆ. ಬೋರ್ಡಿನಲ್ಲಿ 226 ಇದ್ದದ್ದು ಚಾರ್ಜರ್ ಹಾಕಿದಾಗ 222 ಆಯಿತು. ಸೌದೆ ಕೊಟ್ಟಿಗೆಯಲ್ಲಿ 224 ಇದ್ದದ್ದು 203 ಆಯಿತು. ಹಿಂದೆ ಯಾರೋ ಅಡಿಕೆ ಸುಲಿಯುವ ಕಾಲಕ್ಕೆ ಲೈಟ್ ಬೇಕು ಎಂದು ಎಳೆದ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರ್ ಸುಮ್ನೆ ಹೊಸೆದು ಟೇಪ್ ಸುತ್ತಿದ್ದರು. ಜಾಯಿಂಟ್ ಸೂರಿನ ಪಕಾಸಿಯ ಮೇಲೆ, ಮಳೆಯ ಇರಚಲು ತಾಗುವ ಜಾಗದಲ್ಲಿತ್ತು. ಮೇನ್ ಆಫ್ ಮಾಡಿ ಟೇಪ್ ಬಿಚ್ಚಿದರೆ ಅಂಟು ಕರಗಿ ಕಪ್ಪು ಪಾಕವಾಗಿ ಕೈಗೆ ಹತ್ತಿತು. ತಾಮ್ರದ ಎಳೆ ಕಂದಿತ್ತು, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕೂತಿತ್ತು. ಈ ಎರಡು ಲೋಹ ಒದ್ದೆಯಲ್ಲಿ ತಾಗಿಕೊಂಡರೆ ಅಲ್ಯೂಮಿನಿಯಂ ಸವೆಯುತ್ತದೆ, ಸವೆದಷ್ಟೂ ಜಾಯಿಂಟ್ ಸಡಿಲವಾಗುತ್ತದೆ. 900 ವ್ಯಾಟ್ ಚಾರ್ಜರ್ ಅಲ್ಲಿ 4.4 ಆಂಪಿಯರ್ ಎಳೆಯುತ್ತಿತ್ತು. 21 ವೋಲ್ಟ್ ನಷ್ಟ ಅಂದರೆ ಸುಮಾರು 90 ವ್ಯಾಟ್ ಬಿಸಿ, ಹೆಚ್ಚಿನ ಪಾಲು ಆ ಹೆಬ್ಬೆರಳಿನಷ್ಟು ಜಾಗದಲ್ಲಿ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ನೇ 25 ವ್ಯಾಟ್ ಇರುತ್ತದೆ. ಕೆಳಗೆ ಒಣ ಸೌದೆ ರಾಶಿ.

ಬೋರ್ಡಿನಿಂದ ನೇರ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದು, ಅದಕ್ಕೇ ಪ್ರತ್ಯೇಕ ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ತಾನೇ ಬೀಳುವ ಸ್ವಿಚ್) ಹಾಕಿ, 16 ಆಂಪಿಯರ್ ಸಾಕೆಟ್ಟನ್ನು ಸೌದೆಯಿಂದ ದೂರ, ಜಗಲಿಯ ಗೋಡೆಗೆ ಕೂರಿಸಿದೆವು. ಬ್ಯಾಟರಿ ಬೈಕ್ ಬಿಟ್ಟು ಇಳಿಯಲೇ ಇಲ್ಲ. ಬೆಳಗ್ಗೆ ನೂರು ಆಗಿತ್ತು.

ಸ್ಟೆಬಿಲೈಸರ್ ಹಾಕಬಹುದಾ ಎಂದು ಕೇಳುತ್ತಾರೆ. ಹೊರಗಿನ ಲೈನೇ ಕಡಿಮೆ ಇದ್ದು, ಮನೆಯ ವೈರಿಂಗ್ ಗಟ್ಟಿ ಇದ್ದರೆ ಹಾಕಬಹುದು, ಚಾರ್ಜರ್‌ನ ವ್ಯಾಟ್‌ಗಿಂತ ಎರಡು ಪಟ್ಟು ತಾಳುವಂಥದ್ದು. ಆದರೆ ಸ್ಟೆಬಿಲೈಸರ್ ವೋಲ್ಟೇಜನ್ನು ಹುಟ್ಟಿಸುವುದಿಲ್ಲ. ಲೈನಿನಿಂದ ಜಾಸ್ತಿ ಕರೆಂಟ್ ಎಳೆದು ಅದನ್ನು ಎತ್ತಿ ಕೊಡುತ್ತದೆ. ಸಡಿಲ ಜಾಯಿಂಟ್ ಇರುವ ಮನೆಯಲ್ಲಿ ಅದನ್ನು ಹಾಕಿದರೆ ಜಾಯಿಂಟ್ ಇನ್ನಷ್ಟು ಕಾಯುತ್ತದೆ. ಅದಕ್ಕಿಂತ ರಾತ್ರಿ ಹನ್ನೊಂದರ ಮೇಲೆ, ಊರೆಲ್ಲ ಮಲಗಿ ವೋಲ್ಟೇಜ್ ಏರಿದ ಮೇಲೆ ಚಾರ್ಜ್ ಹಾಕುವುದು ಒಳ್ಳೆಯದು. ಕೆಲವು ಬೈಕ್‌ಗಳ ಆಪ್‌ನಲ್ಲಿ ಹೊತ್ತು ಇಡುವ ಸೌಲಭ್ಯ ಇದೆ, ನಿಧಾನ ಚಾರ್ಜ್ ಆಯ್ಕೆಯೂ ಇದೆ. ಇದ್ದರೆ ಬಳಸಿ.

ಕೈಯಿಂದ ನೋಡುವ ಪರೀಕ್ಷೆ

ಅರ್ಧ ಗಂಟೆ ಚಾರ್ಜ್ ಆದಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಟಾಪ್ ಕಿತ್ತು, ಪ್ಲಾಸ್ಟಿಕ್ ಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಆ ಸಾಕೆಟ್‌ನಲ್ಲಿ ಮತ್ತೆ ಚಾರ್ಜ್ ಹಾಕಬೇಡಿ. ಮೂರು ಪಿನ್‌ಗಳಲ್ಲಿ ಒಂದೇ ಪಿನ್ ಕಂದಿದ್ದರೆ ಸಾಕೆಟ್‌ನ ಆ ತೂತಿನ ಒಳಗಿನ ಹಿಡಿತ ಸಡಿಲವಾಗಿದೆ. ಸಾಕೆಟ್ಟನ್ನೂ ಬದಲಾಯಿಸಿ, ಪ್ಲಗ್ ಟಾಪನ್ನೂ ಬದಲಾಯಿಸಿ. ಇಲ್ಲಿ ಮಾತ್ರ ಎರಡನ್ನೂ ಒಟ್ಟಿಗೆ. ಸುಟ್ಟ ಪಿನ್ ಹೊಸ ಸಾಕೆಟ್ಟನ್ನೂ ಸುಡುತ್ತದೆ.

ಟಿವಿ, ಮೊಬೈಲಿಗೆ ತಂದ 6 ಆಂಪಿಯರ್ ಎಕ್ಸ್‌ಟೆನ್ಷನ್ ಬಾಕ್ಸ್ ಈ ಕೆಲಸಕ್ಕೆ ಅಲ್ಲ. ಸುರುಳಿ ಸುತ್ತಿದ ವೈರಂತೂ ಬೇಡವೇ ಬೇಡ, ಒಳಗಿನ ಸುತ್ತುಗಳಿಗೆ ಗಾಳಿ ಆಡದೆ ಕಾದು ಮೆತ್ತಗಾಗುತ್ತದೆ.

ಅರ್ಥಿಂಗ್ ಎಂಬ ಬೇಸಿಗೆ ಕಾಯಿಲೆ

ಮಳೆಗಾಲದಲ್ಲಿ ಚೆನ್ನಾಗಿ ಚಾರ್ಜ್ ಆಗುತ್ತಿದ್ದ ಬೈಕ್ ಮಾರ್ಚ್, ಏಪ್ರಿಲ್‌ನಲ್ಲಿ ಅರ್ಥ್ ದೋಷ ಎಂದು ತೋರಿಸಲು ಶುರು ಮಾಡಿದರೆ ಆಶ್ಚರ್ಯ ಪಡಬೇಡಿ. ನಮ್ಮದು ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ನೀರು ಕುಡಿದು ಕರೆಂಟನ್ನು ಚೆನ್ನಾಗಿ ಬಿಟ್ಟುಕೊಡುತ್ತದೆ, ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಅರ್ಥ್ ಪೈಪ್ ಮಣ್ಣಿನಲ್ಲಿ ಇದ್ದೂ ಇಲ್ಲದ ಹಾಗೆ.

ಅಳೆಯುವುದು ಹೀಗೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ಇದ್ದರೆ, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಮಾತ್ರ ಇರಬೇಕು. ಅದು ಹತ್ತು, ಇಪ್ಪತ್ತು ತೋರಿಸಿದರೆ ಅರ್ಥ್ ಅಥವಾ ನ್ಯೂಟ್ರಲ್ ಎರಡರಲ್ಲಿ ಒಂದು ಸಡಿಲ. ಇಲ್ಲೊಂದು ಮೋಸ ಇದೆ. ಡಿಜಿಟಲ್ ಮಲ್ಟಿಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಅರ್ಥ್ ಕೆಟ್ಟಿದ್ದರೂ 230 ಎಂದೇ ತೋರಿಸಬಹುದು. ಹಳೇ ಎಲೆಕ್ಟ್ರಿಷಿಯನ್‌ಗಳು ಟೆಸ್ಟ್ ಲ್ಯಾಂಪ್ ಇಟ್ಟುಕೊಳ್ಳುವುದು ಇದಕ್ಕೇ. ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟ್ ಬಲ್ಬ್ ಹಿಡಿದರೆ, ಅರ್ಥ್ ಗಟ್ಟಿ ಇದ್ದಲ್ಲಿ ಬಲ್ಬ್ ಪೂರ್ತಿ ಬೆಳಗುತ್ತದೆ, ಕೆಟ್ಟಿದ್ದಲ್ಲಿ ಮಂಕಾಗುತ್ತದೆ. ಇದನ್ನು ನೀವೇ ಮಾಡಬೇಡಿ. ಅರ್ಥ್ ಕೆಟ್ಟ ಮನೆಯಲ್ಲಿ ಆ ಹೊತ್ತಿಗೆ ಫ್ರಿಜ್ಜಿನ ಮೈಯಲ್ಲೂ ಕರೆಂಟ್ ಬರಬಹುದು. ಆರ್‌ಸಿಸಿಬಿ (ಕರೆಂಟ್ ಅರ್ಥಿಗೆ ಸೋರಿದರೆ ತಾನೇ ಬೀಳುವ ಸ್ವಿಚ್) ಇರುವ ಮನೆಯಲ್ಲಿ ಬಲ್ಬ್ ಹಿಡಿದ ಕೂಡಲೇ ಅದು ಬೀಳುತ್ತದೆ, ಅದೂ ಸಹಜ.

ಅರ್ಥ್ ಗುಂಡಿಗೆ ಎರಡು ಕೊಡ ನೀರು ಹೊಯ್ದು ಮತ್ತೆ ನೋಡಿ. ತೊಂದರೆ ಹೋದರೆ ರೋಗ ಗೊತ್ತಾಯಿತು. ನೀರು ಹೊಯ್ಯುವುದು ಇವತ್ತಿನ ಮಟ್ಟಿಗೆ. ಮಳೆಗಾಲದ ಮುಂಚೆ ಇದ್ದಿಲು, ಉಪ್ಪು ಹೊಸದಾಗಿ ಹಾಕಿಸಿ, ಪೈಪಿಗೆ ವೈರ್ ಬಿಗಿದ ಬೋಲ್ಟ್ ತುಕ್ಕು ಹಿಡಿದಿದ್ದರೆ ಬದಲಾಯಿಸಿ. ಇದೆಲ್ಲ ಯಾಕೆ ಎಂದು ಕೆಲವರು ಪ್ಲಗ್ ಟಾಪ್‌ನ ಅರ್ಥ್ ಪಿನ್ ಮುರಿದು ಹಾಕುತ್ತಾರೆ, ಇಲ್ಲವೇ ಸಾಕೆಟ್ ಒಳಗೆ ಅರ್ಥನ್ನು ನ್ಯೂಟ್ರಲ್‌ಗೆ ಸೇರಿಸುತ್ತಾರೆ. ನ್ಯೂಟ್ರಲ್‌ಗೆ ಸೇರಿಸಿದರೆ ದೋಷದ ಲೈಟ್ ಆರುತ್ತದೆ, ನಿಜ. ಆದರೆ ಎಲ್ಲೋ ನ್ಯೂಟ್ರಲ್ ಕಿತ್ತ ದಿನ ಬೈಕಿನ ಕಬ್ಬಿಣದ ಮೈಯೆಲ್ಲ 230 ವೋಲ್ಟ್ ಆಗುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟುವುದು ಮನೆಯ ಮಕ್ಕಳು. ದಯವಿಟ್ಟು ಮಾಡಬೇಡಿ, ಮಾಡಲು ಬಿಡಬೇಡಿ.

ನೀರು, ಕಿಲುಬು, ಕುಂಬಾರ ಹುಳ

ಈಗಿನ ಬ್ಯಾಟರಿ ಪೆಟ್ಟಿಗೆಗಳಿಗೆ ಎಐಎಸ್ 156 ಎಂಬ ಸುರಕ್ಷತಾ ನಿಯಮ ಇದೆ. ಬೆಂಕಿ ಪ್ರಕರಣಗಳ ನಂತರ ಅದನ್ನು ಬಿಗಿ ಮಾಡಿ, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತದಲ್ಲಿ ಜಾರಿಗೆ ತಂದರು. ಪೆಟ್ಟಿಗೆಗೆ ಐಪಿ 67 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಹೋಗಬಾರದು ಎಂದರ್ಥ. ಆ ಮಾತು ಪೆಟ್ಟಿಗೆಗೆ ಮಾತ್ರ. ಚಾರ್ಜರ್, ಪ್ಲಗ್, ಗೋಡೆಯ ಸಾಕೆಟ್‌ಗೆ ಅದು ಅನ್ವಯಿಸುವುದಿಲ್ಲ. ಉಕ್ಕುವ ಹಳ್ಳ ದಾಟಲು ಪರವಾನಗಿಯೂ ಅಲ್ಲ.

ಮಳೆಯಲ್ಲಿ ಬಂದು ನಿಲ್ಲಿಸಿದ ಕೂಡಲೇ ಚಾರ್ಜಿಗೆ ಸಿಕ್ಕಿಸಬೇಡಿ. ಅರ್ಧ ಗಂಟೆ ಸೂರಿನ ಕೆಳಗೆ ಬಿಡಿ. ಪೋರ್ಟ್ ಸುತ್ತ ಒಣ ಹತ್ತಿ ಬಟ್ಟೆಯಿಂದ ಒರೆಸಿ, ಆಮೇಲೆ ಮುಚ್ಚಳ ತೆಗೆಯಿರಿ. ಮುಚ್ಚಳದ ರಬ್ಬರ್ ಹರಿದಿದೆಯಾ, ಸರಿಯಾಗಿ ಕೂರುತ್ತಿದೆಯಾ ನೋಡಿ. ಕಳಚಿ ಒಯ್ಯುವ ಬ್ಯಾಟರಿ ಇರುವವರು ಒಂದು ಮಾತು ನೆನಪಿಡಿ. ಆಷಾಢದಲ್ಲಿ ಕಂಬಳಿ, ರೇನ್‌ಕೋಟ್ ಎಲ್ಲ ಬಚ್ಚಲ ಒಲೆಯ ಹತ್ತಿರ ಒಣಗಿಸುವುದು ನಮ್ಮ ರೂಢಿ. ಒದ್ದೆ ಆಯಿತೆಂದು ಬ್ಯಾಟರಿಯನ್ನಾಗಲೀ ಚಾರ್ಜರನ್ನಾಗಲೀ ಅಲ್ಲಿ ಇಡಬೇಡಿ. ಫ್ಯಾನ್ ಗಾಳಿ ಸಾಕು.

ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಪಿನ್‌ಗಳು ಹೊಳೆಯುತ್ತಿರಬೇಕು. ಹಸಿರು ಕಿಲುಬು ಕಂಡರೆ ತೇವ ಹೊಕ್ಕಿದೆ. ದನದ ಕೊಟ್ಟಿಗೆಯಲ್ಲಿ ನಿಲ್ಲಿಸುವ ಬೈಕ್‌ಗಳಲ್ಲಿ ಇದು ಬೇಗ ಬರುತ್ತದೆ. ಗಂಜಲದಿಂದ ಏಳುವ ಅಮೋನಿಯ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಅಂಥ ಕಡೆ ಬೈಕ್ ನಿಲ್ಲಿಸದಿರುವುದೇ ಉತ್ತಮ. ತೆಳು ಕಿಲುಬಾದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಬೈಕ್ ಆಫ್ ಇರಲಿ, ಕೇಬಲ್ ಕಿತ್ತಿರಲಿ, ಕ್ಲೀನರ್ ಪೂರ್ತಿ ಆರಿದ ಮೇಲೆ ಸಿಕ್ಕಿಸಿ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಉಪ್ಪುಕಾಗದ, ಪಿನ್ನು, ಚಾಕು ಯಾವುದೂ ಬೇಡ. ಪಿನ್ ಗುಳಿ ಬಿದ್ದಿದ್ದರೆ ಅಥವಾ ಪ್ಲಾಸ್ಟಿಕ್ ಕರಗಿದ್ದರೆ ಸರ್ವಿಸ್ ಸೆಂಟರಿಗೇ ಹೋಗಬೇಕು.

ಮುಚ್ಚಳ ತೆರೆದಿಟ್ಟು ಮರೆತರೆ ಕುಂಬಾರ ಹುಳ ಬಂದು ಮಣ್ಣಿನ ಗೂಡು ಕಟ್ಟುತ್ತದೆ. ಪ್ಲಗ್ ಪೂರ್ತಿ ಒಳಗೆ ಕೂರುವುದಿಲ್ಲ, ಕ್ಲಿಕ್ ಎನ್ನುವುದಿಲ್ಲ, ಚಾರ್ಜ್ ಬಂದುಬಂದು ಹೋಗುತ್ತದೆ. ಗೋಡೆಯ ಸಾಕೆಟ್‌ನ ಅರ್ಥ್ ತೂತು ದೊಡ್ಡದಿರುವುದರಿಂದ ಅಲ್ಲೂ ಕಟ್ಟುತ್ತದೆ. ಕೇಬಲ್ ಮೇಲೆ ಇಲಿ ಹಲ್ಲಿನ ಗುರುತು ಇದೆಯಾ ಎಂದು ಉದ್ದಕ್ಕೂ ಕಣ್ಣಾಡಿಸಿ. ಅಡಿಕೆ, ಭತ್ತ ಇಡುವ ಕೋಣೆಯಲ್ಲಿ ಚಾರ್ಜರ್ ಇಡುವವರಿಗೆ ಇದು ತಪ್ಪಿದ್ದಲ್ಲ. ಕಚ್ಚಿದ ಕೇಬಲಿಗೆ ಟೇಪ್ ಸುತ್ತಬೇಡಿ, ಬದಲಾಯಿಸಿ.

ಎಂಸಿಬಿ, ಆರ್‌ಸಿಸಿಬಿ ಬಿದ್ದರೆ

ಬಿದ್ದದ್ದು ಯಾವುದು ಎಂದು ಮೊದಲು ನೋಡಿ. ಹಾಕಿದ ಕ್ಷಣಕ್ಕೇ ಎಂಸಿಬಿ ಬಿದ್ದರೆ ಶಾರ್ಟ್. ಅರ್ಧ ಗಂಟೆ ಆದಮೇಲೆ ಬಿದ್ದರೆ ಅದೇ ಲೈನಿನಲ್ಲಿ ಫ್ರಿಜ್ಜೋ ಪಂಪೋ ಇನ್ನೇನೋ ಓಡುತ್ತಿದೆ, ಇಲ್ಲವೇ ಎಂಸಿಬಿಯ ಸ್ಕ್ರೂ ಸಡಿಲವಾಗಿ ಕಾಯುತ್ತಿದೆ. ಆರ್‌ಸಿಸಿಬಿ ಬಿದ್ದರೆ ಕರೆಂಟ್ ಅರ್ಥಿಗೆ ಸೋರುತ್ತಿದೆ ಎಂದರ್ಥ. ಮನೆಗೆ ಹಾಕುವುದು 30 ಮಿಲಿ ಆಂಪಿಯರ್‌ಗೆ ಬೀಳುವಂಥದ್ದು. ಬೈಕಿಗೆ ಸಿಕ್ಕಿಸದೆ ಬರೀ ಚಾರ್ಜರ್ ಹಾಕಿ ನೋಡಿ. ಆಗಲೂ ಬಿದ್ದರೆ ದೋಷ ಚಾರ್ಜರ್ ಅಥವಾ ಸಾಕೆಟ್‌ನದ್ದು. ಒಣಗಿದ ಬೇರೆ ಸಾಕೆಟ್‌ನಲ್ಲಿ ಬೀಳದೆ ನಿಂತರೆ ಮೊದಲಿನ ಸಾಕೆಟ್‌ಗೆ ನೀರು ಹೊಕ್ಕಿದೆ. ಬೈಕಿಗೆ ಸಿಕ್ಕಿಸಿದಾಗ ಮಾತ್ರ ಬಿದ್ದರೆ ಬೈಕ್ ಕಡೆ. "ತುಂಬಾ ಬೀಳ್ತದೆ" ಎಂದು ಆರ್‌ಸಿಸಿಬಿ ತೆಗೆಸಿದ ಮನೆಗಳನ್ನು ನೋಡಿದ್ದೇನೆ. ಜೀವ ಉಳಿಸಲೆಂದೇ ಅದನ್ನು ಹಾಕುವುದು.

ದೋಷವೇ ಅಲ್ಲದ ದೂರುಗಳು

ಎಂಬತ್ತರವರೆಗೆ ಬೇಗ ಹೋಗಿ ಆಮೇಲೆ ನಿಧಾನ ಆಗುವುದು ದೋಷವಲ್ಲ. ಎನ್‌ಎಂಸಿ, ಎಲ್‌ಎಫ್‌ಪಿ ಎಂಬುವು ಲಿಥಿಯಂ ಸೆಲ್‌ನ ಎರಡು ಜಾತಿ. ಎನ್‌ಎಂಸಿ ಸೆಲ್ 4.2 ವೋಲ್ಟ್, ಎಲ್‌ಎಫ್‌ಪಿ ಸೆಲ್ 3.65 ವೋಲ್ಟ್ ದಾಟಬಾರದು. ಆ ಮಟ್ಟದ ಹತ್ತಿರ ಬಂದಾಗ ಚಾರ್ಜರ್ ವೋಲ್ಟೇಜನ್ನು ಅಲ್ಲೇ ಹಿಡಿದು ಕರೆಂಟ್ ಇಳಿಸುತ್ತಾ ಬರುತ್ತದೆ. ಕೊನೆಗೆ ಬ್ಯಾಟರಿಯೊಳಗಿನ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್, ಎಲ್ಲ ಸೆಲ್‌ಗಳನ್ನು ಒಂದೇ ಮಟ್ಟಕ್ಕೆ ತರುತ್ತದೆ. 99ರಲ್ಲಿ ತುಂಬಾ ಹೊತ್ತು ನಿಲ್ಲುವುದು ಅದಕ್ಕೇ.

ಬೈಕ್ ಓಡಿಸಿ ಬಂದ ಕೂಡಲೇ ಚಾರ್ಜ್ ಹಿಡಿಯದಿರುವುದೂ ದೋಷವಲ್ಲ. ಬ್ಯಾಟರಿ ಕಾದಿದ್ದರೆ ಬಿಎಂಎಸ್ ತಡೆಯುತ್ತದೆ. ನೆರಳಲ್ಲಿ ಮುಕ್ಕಾಲು ಗಂಟೆ ಬಿಟ್ಟು ಹಾಕಿ. ಮಲೆನಾಡಿನ ಚಳಿಗೆ ಚಾರ್ಜ್ ನಿಲ್ಲುತ್ತದೆ ಎಂಬ ಭಯ ಬೇಡ. ಲಿಥಿಯಂ ಬ್ಯಾಟರಿಗೆ ಚಾರ್ಜಿಂಗ್‌ನಲ್ಲಿ ಕೆಡುಕಾಗುವುದು ಸೊನ್ನೆ ಡಿಗ್ರಿಯ ಕೆಳಗೆ, ಅಷ್ಟು ಚಳಿ ಇಲ್ಲಿ ಇಲ್ಲ.

ಬೇರೆ ಬೈಕಿನ ಚಾರ್ಜರ್ ಹಾಕಿ ಪರೀಕ್ಷಿಸುವುದು ಮಾತ್ರ ನಿಜವಾದ ಅಪಾಯ. ಎರಡರ ಮೇಲೂ 72 ವೋಲ್ಟ್ ಎಂದೇ ಇರಬಹುದು. ಆದರೆ 20 ಎನ್‌ಎಂಸಿ ಸೆಲ್‌ಗಳ ಸಾಲು 84 ವೋಲ್ಟ್‌ಗೆ ತುಂಬುತ್ತದೆ, 24 ಎಲ್‌ಎಫ್‌ಪಿ ಸೆಲ್‌ಗಳ ಸಾಲು 87.6ಕ್ಕೆ. ಪ್ಲಗ್ ಹೊಂದಿಕೊಂಡಿತು ಎಂದ ಮಾತ್ರಕ್ಕೆ ಚಾರ್ಜರ್ ಹೊಂದಿತು ಎಂದಲ್ಲ. ಚಾರ್ಜರ್ ಮೇಲೆಯೇ ಅನುಮಾನ ಬಂದರೆ ಅದೇ ಮಾಡೆಲ್ಲಿನ ಇನ್ನೊಂದು ಚಾರ್ಜರ್ ತಂದು ನೋಡಬೇಕು, ಬೇರೆ ದಾರಿ ಇಲ್ಲ.

ಬ್ಯಾಟರಿ ಸೊರಗಿದೆಯಾ? ಮನೆಯ ಮೀಟರ್ ಹೇಳುತ್ತದೆ

ಗೋಡೆಯಿಂದ ಪೋರ್ಟ್‌ವರೆಗೆ ಎಲ್ಲ ಸರಿ ಇದ್ದೂ ಓಡುವ ದೂರ ಕಡಿಮೆಯಾಗಿದ್ದರೆ ಆಗ ಬ್ಯಾಟರಿಯ ಸರದಿ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಖರ್ಚಿಲ್ಲ, ಯಾವ ಉಪಕರಣವೂ ಬೇಡ.

ಬೈಕ್ 20 ಪರ್ಸೆಂಟ್‌ಗೆ ಬಂದ ದಿನ ರಾತ್ರಿ, ಮನೆಯಲ್ಲಿ ಬೇರೆಲ್ಲ ಆಫ್ ಮಾಡಿ, ಮೀಟರ್ ರೀಡಿಂಗ್ ಬರೆದುಕೊಳ್ಳಿ. ಪೂರ್ತಿ ಚಾರ್ಜ್ ಆದಮೇಲೆ ಮತ್ತೆ ಬರೆದುಕೊಳ್ಳಿ. ಬ್ಯಾಟರಿ 3.5 ಕಿಲೋವ್ಯಾಟ್ ಅವರ್‌ನದ್ದು ಎಂದಿಟ್ಟುಕೊಳ್ಳಿ. ಒಂದು ಕಿಲೋವ್ಯಾಟ್ ಅವರ್ ಅಂದರೆ ಒಂದು ಯೂನಿಟ್. ಎಂಬತ್ತು ಪರ್ಸೆಂಟ್ ತುಂಬಲು 2.8 ಯೂನಿಟ್ ಬೇಕು. ಚಾರ್ಜರ್‌ನಲ್ಲಿ ಬಿಸಿಯಾಗಿ ಹೋಗುವುದು ಸೇರಿ 3.1, 3.2 ಆಗಬಹುದು. ಅಷ್ಟು ಹೋಗಿದ್ದರೆ ಬ್ಯಾಟರಿ ಆರೋಗ್ಯವಾಗಿದೆ, ದೂರ ಕಡಿಮೆಯಾಗಲು ಬೇರೆ ಕಾರಣ ಹುಡುಕಿ. 2 ಯೂನಿಟ್‌ಗೇ ನೂರು ತೋರಿಸಿದರೆ ಎರಡು ಸಾಧ್ಯತೆ: ಪರ್ಸೆಂಟ್ ಲೆಕ್ಕ ತಪ್ಪಿದೆ, ಇಲ್ಲವೇ ಒಂದು ಸೆಲ್ ಸೋತು ಉಳಿದವನ್ನೂ ನಿಲ್ಲಿಸುತ್ತಿದೆ. ಮೊದಲನೆಯದಕ್ಕೆ ಮದ್ದು ಸುಲಭ. ನೂರು ಮುಟ್ಟಿದ ಮೇಲೂ ಒಂದೆರಡು ಗಂಟೆ ಪ್ಲಗ್ ಬಿಡಿ, ಹೀಗೆ ಕೆಲವು ಸಲ ಮಾಡಿ. ಎಲ್‌ಎಫ್‌ಪಿ ಬ್ಯಾಟರಿಯ ವೋಲ್ಟೇಜ್ ನಡುವೆಲ್ಲ ಒಂದೇ ಸಮ ಇರುವುದರಿಂದ ಲೆಕ್ಕ ಬೇಗ ತಪ್ಪುತ್ತದೆ, ಅದಕ್ಕೆ ಆಗಾಗ ಪೂರ್ತಿ ಚಾರ್ಜ್ ಬೇಕು. ಎನ್‌ಎಂಸಿ ಆದರೆ ದಿನಬಳಕೆಗೆ 80, 90ಕ್ಕೆ ನಿಲ್ಲಿಸಿ, ದೂರ ಹೋಗುವ ಮುಂಚಿನ ರಾತ್ರಿ ಮಾತ್ರ ನೂರು ಮಾಡಿ. ಕೆಲವು ಸಲ ಪೂರ್ತಿ ಚಾರ್ಜ್ ಮಾಡಿಯೂ ಲೆಕ್ಕ ಸರಿಹೋಗದಿದ್ದರೆ ಸೆಲ್ ಸಮಸ್ಯೆ, ಸರ್ವಿಸ್ ಸೆಂಟರ್ ಕೆಲಸ.

ಚಾರ್ಜರ್ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂಬುದನ್ನೂ ಅದೇ ಮೀಟರ್ ಹೇಳುತ್ತದೆ. ಮೀಟರಿನ ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. 3200 ಎಂದಿದ್ದು, ನಿಮಿಷಕ್ಕೆ 45 ಸಲ ಮಿನುಗಿದರೆ, 45ನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿ: ಸುಮಾರು 0.84, ಅಂದರೆ 840 ವ್ಯಾಟ್. 850 ವ್ಯಾಟ್ ಚಾರ್ಜರ್ ಅರ್ಧ ಬ್ಯಾಟರಿಯಲ್ಲಿ ಬರೀ 300 ಎಳೆಯುತ್ತಿದ್ದರೆ ಬಿಸಿಯಿಂದಲೋ ವೋಲ್ಟೇಜಿನಿಂದಲೋ ತನ್ನನ್ನು ತಾನೇ ತಗ್ಗಿಸಿಕೊಂಡಿದೆ.

ದೂರ ಕಡಿಮೆಯಾಗಲು ಬೇರೆ ಕಾರಣ ಏನಿರುತ್ತದೆ? ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕ್, ಜೋರು ಓಟ. ಎಲ್ಲಕ್ಕಿಂತ ಜಾಸ್ತಿ ನಮ್ಮ ಏರು. ಬೈಕ್ 150 ಕಿಲೋ, ಕೂತವರು 70 ಕಿಲೋ ಎಂದಿಟ್ಟುಕೊಂಡರೆ 500 ಮೀಟರ್ ಎತ್ತರ ಹತ್ತಲು 0.3 ಯೂನಿಟ್ ಬೇಕೇ ಬೇಕು. ಇದು ಬರೀ ಎತ್ತಲು, ದೂರಕ್ಕೆ ಬೇರೆ. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವು ಹತ್ತುವಾಗ ಪರ್ಸೆಂಟ್ ದಡದಡ ಇಳಿಯುವುದು ಇದರಿಂದ. ಹಿಂದೆ ಇನ್ನೊಬ್ಬರು ಕೂತರೆ 0.4. ಇಳಿಯುವಾಗ ಮೋಟಾರು ಸ್ವಲ್ಪ ವಾಪಸ್ ಕೊಡುತ್ತದೆ, ಬ್ಯಾಟರಿಯಲ್ಲಿ ಜಾಗ ಇದ್ದರೆ ಮಾತ್ರ. ಆಗುಂಬೆಯಲ್ಲೇ ಉಳಿದು ನೂರು ಪರ್ಸೆಂಟ್ ಮಾಡಿಕೊಂಡು ಘಾಟಿ ಇಳಿಯಲು ಹೊರಟರೆ ಮೋಟಾರು ಹಿಡಿಯುವುದಿಲ್ಲ, ಬೈಕ್ ಜಾರಿದ ಹಾಗೆ ಅನಿಸುತ್ತದೆ. ಅದು ಕೆಟ್ಟದ್ದಲ್ಲ. 85, 90ಕ್ಕೇ ಪ್ಲಗ್ ಕಿತ್ತು ಹೊರಡಿ.

ಗುಡುಗು, ಕರೆಂಟ್ ಕಟ್, ಖಾಲಿ ನಿಂತ ಬೈಕ್

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಚಾರ್ಜರನ್ನು ಗೋಡೆಯಿಂದ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲಿಗೆ ಸ್ವಿಚ್ಚಿನ ಅಂತರ ಲೆಕ್ಕವೇ ಅಲ್ಲ. ಕರೆಂಟ್ ಹೋಗಿ ಬಂದಾಗಲೂ ಹತ್ತು ನಿಮಿಷ ಬಿಟ್ಟು ಹಾಕಿ, ಬಂದ ಕೂಡಲೇ ವೋಲ್ಟೇಜ್ ಕುಣಿಯುತ್ತಿರುತ್ತದೆ.

ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಾಗ ಮನೆಯ ಇನ್ವರ್ಟರ್‌ಗೆ ಬೈಕ್ ಸಿಕ್ಕಿಸುವ ಆಸೆ ಬರುತ್ತದೆ. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರವೇ 1.8 ಯೂನಿಟ್ ಇರುವುದು, ಸಿಗುವುದು ಅದಕ್ಕಿಂತ ಕಡಿಮೆ. ಬೈಕೂ ತುಂಬುವುದಿಲ್ಲ, ಮನೆಗೂ ಕತ್ತಲು. ಸಣ್ಣ ಪೆಟ್ರೋಲ್ ಜನರೇಟರ್‌ನಲ್ಲಿ ಅರ್ಥ್ ದೋಷ ತೋರಿಸುವುದು ಸಾಮಾನ್ಯ, ಅದರ ನ್ಯೂಟ್ರಲ್ ಅರ್ಥಿಗೆ ಸೇರಿರುವುದಿಲ್ಲ.

ಮಳೆಗಾಲಕ್ಕೆ ಬೈಕ್ ಬಿಟ್ಟು ಊರಿಗೆ ಹೋಗುವವರು 50, 60 ಪರ್ಸೆಂಟ್‌ನಲ್ಲಿ ನಿಲ್ಲಿಸಿ, ತಿಂಗಳಿಗೊಮ್ಮೆ ಯಾರಾದರೂ ನೋಡಲಿ. 5 ಪರ್ಸೆಂಟ್‌ನಲ್ಲಿ ಬಿಟ್ಟುಹೋದರೆ ಬಿಎಂಎಸ್ ತಾನೇ ಅಷ್ಟಿಷ್ಟು ಕುಡಿದು ಬ್ಯಾಟರಿಯನ್ನು ತಳಕ್ಕೆ ಇಳಿಸುತ್ತದೆ. ಆಮೇಲೆ ಚಾರ್ಜರ್ ಹಾಕಿದರೂ ಎಚ್ಚರ ಆಗುವುದಿಲ್ಲ. ಕೆಲವು ಬೈಕ್‌ಗಳಲ್ಲಿ ಹಾರ್ನ್, ಡಿಸ್‌ಪ್ಲೇಗೆ ಪ್ರತ್ಯೇಕ 12 ವೋಲ್ಟ್ ಬ್ಯಾಟರಿ ಇರುತ್ತದೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಆ ಸಣ್ಣದು ಸತ್ತರೆ ಬೈಕ್ ಸತ್ತ ಹಾಗೇ ಕಾಣುತ್ತದೆ. ಕೈಪಿಡಿಯಲ್ಲಿ ಅದು ಇದೆಯಾ ಎಂದು ನೋಡಿ, ಇದ್ದರೆ ಮೊದಲು ಅದನ್ನೇ ಅಳೆಸಿ.

ಸರ್ವಿಸ್ ಸೆಂಟರಿಗೆ ಹೋಗುವಾಗ

"ಚಾರ್ಜ್ ಆಗ್ತಿಲ್ಲ" ಎಂದಷ್ಟೇ ಹೇಳಿದರೆ ಅವರು ಮತ್ತೆ ಮೊದಲಿಂದ ಹುಡುಕುತ್ತಾರೆ. ಒಂದು ಚೀಟಿಯಲ್ಲಿ ಬರೆದು ಕೊಡಿ: ಲೋಡ್ ಇಲ್ಲದಾಗ, ಇದ್ದಾಗ ಸಾಕೆಟ್‌ನ ವೋಲ್ಟೇಜ್, ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ಅಳತೆ, ಎಷ್ಟರಿಂದ ಎಷ್ಟು ಪರ್ಸೆಂಟ್‌ಗೆ ಎಷ್ಟು ಯೂನಿಟ್ ಹೋಯಿತು, ಡಿಸ್‌ಪ್ಲೇಯಲ್ಲಿ ಬಂದ ದೋಷದ ಸಂಖ್ಯೆ. ಚಾರ್ಜರ್ ಲೈಟ್ ಮಿನುಗುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ, ಅಲ್ಲಿ ಹೋದಾಗ ಅದು ಮಿನುಗದೇ ಇರಬಹುದು. ಚಾರ್ಜರ್ ಮನೆಯಲ್ಲಿ ಬಿಟ್ಟು ಬರೀ ಬೈಕ್ ಒಯ್ಯಬೇಡಿ.

ಪೆಟ್ಟಿಗೆ ಉಬ್ಬಿದ್ದರೆ, ಚಾರ್ಜ್ ಇಲ್ಲದೆಯೂ ಬಿಸಿ ಇದ್ದರೆ, ಸುಯ್ ಎಂಬ ಸದ್ದು ಅಥವಾ ಪೇಂಟ್ ತಿನ್ನರ್‌ನಂಥ ವಾಸನೆ ಬಂದರೆ ಈ ಅಳತೆ ಯಾವುದೂ ಬೇಡ. ಬೈಕ್ ಮುಟ್ಟದೆ ಮೇನ್ ಸ್ವಿಚ್ ಆಫ್ ಮಾಡಿ, ಮನೆಯವರನ್ನು ಹೊರಗೆ ಕರೆದುಕೊಂಡು ಬನ್ನಿ, 101 ಅಥವಾ 112ಕ್ಕೆ ಫೋನ್ ಮಾಡಿ. ಹೊಗೆ ಕುಡಿಯಬೇಡಿ, ಅದು ವಿಷ. ಆರಿದಂತೆ ಕಂಡ ಲಿಥಿಯಂ ಬೆಂಕಿ ಗಂಟೆಗಳ ನಂತರ ಮತ್ತೆ ಹತ್ತಬಹುದು. ಆದ್ದರಿಂದ ಆ ಬೈಕನ್ನು ಒಂದು ದಿನವಾದರೂ ಸೂರು, ಸೌದೆ, ಹುಲ್ಲುಬಣವೆಯಿಂದ ದೂರ, ಬಯಲಲ್ಲಿ ಬಿಡಬೇಕು.